ಹಾಲೊಲ್ಲದ ಸೊಸೆ

ಮೊನ್ನೆ ಅಡುಗೆಮನೆಯ ಶೆಲ್ಫಿಗೆ ಹೊಸ ಕಾಗದ ಹಾಸೋಣವೆಂದು ಡಬ್ಬಗಳನ್ನೆಲ್ಲ ಕೆಳಗಿಳಿಸಿದಾಗ, ಮೆಣಸಿನಕಾಯಿ ಡಬ್ಬದ ಅಡಿಯಲ್ಲಿ ನಾಲ್ಕಾಗಿ ಮಡಚಿದ ಹಳೆಯ ಕ್ಯಾಲೆಂಡರಿನ ಹಾಳೆಯೊಂದು ಸಿಕ್ಕಿತು. ಹಿಂಬದಿಯಲ್ಲಿ ನಮ್ಮ ಮಾವನವರ ಬರಹ. ಅಕ್ಷರ ತಮಿಳು, ಮಾತು ಕನ್ನಡ. ಸೇಲಂನಲ್ಲಿರುವ ನಮ್ಮಂಥ ಮನೆಗಳಲ್ಲಿ ಇದು ವಿಶೇಷವೇನಲ್ಲ. ಕನ್ನಡ ನಾಲಿಗೆಗೆ, ತಮಿಳು ಕೈಗೆ. ಮನೆಯಲ್ಲಿ ಕನ್ನಡ ಬರೆಯಬಲ್ಲವಳು ನಾನೊಬ್ಬಳೇ. ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದಿದ್ದ ನನ್ನ ಅಮ್ಮ ಸ್ಲೇಟಿನ ಮೇಲೆ ತಿದ್ದಿಸಿದ್ದಳು. ಆ ಜಂಬ ನನಗೆ ಕೊಂಚ ಜಾಸ್ತಿಯೇ ಇದೆ. ನೀವಾಗಿ ಕಂಡುಹಿಡಿಯುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹಾಳೆಯಲ್ಲಿ ಹೀಗಿತ್ತು: ಸೋಮವಾರ ರಾಗಿ ಮುದ್ದೆ, ನುಗ್ಗೆ ಸೊಪ್ಪು. ಮಂಗಳವಾರ ಎಳ್ಳುಂಡೆ, ಹುರುಳಿ ಸಾರು. ಬುಧವಾರ ಚಿಕ್ಕ ಮೀನು, ಮುಳ್ಳು ಸಮೇತ. ‘ಮುಳ್ಳು ಸಮೇತ’ ಎಂಬುದರ ಅಡಿಗೆ ಎರಡು ಗೆರೆ. ನಾನು ಶೆಲ್ಫಿನ ಕೆಲಸ ಬಿಟ್ಟು, ಮೆಣಸಿನಕಾಯಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟೆ. ನಾಲ್ಕು ವರ್ಷದ ಹಿಂದಿನ ಕಥೆ ಅದು. ಹೇಳಲು ಈಗ ನಗು ಬರುತ್ತದೆ. ಆಗ ಬರೀ ವಾಂತಿ ಬರುತ್ತಿತ್ತು.

ಮೊದಲು ಮಾವನವರನ್ನು ಪರಿಚಯಿಸಬೇಕು. ಅವರು ಹಾಲಿನ ಮನುಷ್ಯ. ತಾರಮಂಗಲಂ ರಸ್ತೆಯ ಒಂದು ಹಾಲಿನ ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡಲು ತೇಲಿಬಿಡುವ ಗಾಜಿನ ಲ್ಯಾಕ್ಟೋಮೀಟರನ್ನು ಬೀಳ್ಕೊಡುಗೆಯ ದಿನ ಗೆಳೆಯರು ಹಾರದ ಜೊತೆ ಕೊಟ್ಟಿದ್ದರಂತೆ. ಅದು ಈಗಲೂ ದೇವರ ಪಟಗಳ ಪಕ್ಕದಲ್ಲೇ ಇದೆ. ಮನುಷ್ಯರನ್ನೂ ಅವರು ಅದರಲ್ಲೇ ಅಳೆಯುತ್ತಾರೆ. ಎದುರುಮನೆಯವರ ಬಗ್ಗೆ ಕೇಳಿದರೆ, “ಒಳ್ಳೇ ಮನ್ಸನೇ, ಆದ್ರೆ ಸ್ವಲ್ಪ ನೀರು ಬೆರ್ತೈತೆ” ಎನ್ನುತ್ತಾರೆ.

ಇಂಥ ಮನೆಗೆ ಸೊಸೆಯಾಗಿ ಬಂದವಳಿಗೆ ಹಾಲು ಆಗುವುದಿಲ್ಲ. ಸೇರುವುದಿಲ್ಲ ಎಂದಲ್ಲ, ಆಗುವುದೇ ಇಲ್ಲ. ಚಿಕ್ಕಂದಿನಿಂದ ಹಾಗೆಯೇ. ಹಾಲು, ಮೊಸರು, ಮಜ್ಜಿಗೆ, ಯಾವುದು ಒಳಗೆ ಹೋದರೂ ಹೊಟ್ಟೆಯಲ್ಲಿ ಮೊದಲು ಗುಡುಗು, ಆಮೇಲೆ ಓಟ. ಹೆಣ್ಣು ನೋಡಲು ಬಂದಾಗ ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಡು ಬರುತ್ತದಾ, ಅಡುಗೆ ಬರುತ್ತದಾ ಎಂದು ಕೇಳಿದರೇ ಹೊರತು ಹಾಲು ಇಳಿಯುತ್ತದಾ ಎಂದು ಯಾರು ಕೇಳುತ್ತಾರೆ?

ಮದುವೆಯಾಗಿ ಮನೆ ತುಂಬಿಸಿಕೊಂಡ ದಿನ ಗಂಡುಹೆಣ್ಣನ್ನು ಜೋಡಿಯಾಗಿ ಕೂರಿಸಿ ಹಾಲುಹಣ್ಣು ತಿನ್ನಿಸಿದರು. ಹೊಸ ಮದುವಣಗಿತ್ತಿಯ ನಾಚಿಕೆಯಲ್ಲಿ ಮೂರು ಚಮಚ ನುಂಗಿದೆ. ಮುಂದಿನದನ್ನು ವಿವರಿಸುವುದಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಸೋದರಮಾವಂದಿರು, ಚಿಕ್ಕಮ್ಮಂದಿರು ಎಲ್ಲರೂ ಸಾಲಾಗಿ ನಿಂತಿರುವ ದೊಡ್ಡ ಫೋಟೋ ಒಂದಿದೆ. ನಡುವೆ ನನ್ನ ಗಂಡ ಕುಮಾರ್ ಒಂದು ಖಾಲಿ ಕುರ್ಚಿಯ ಪಕ್ಕ ನಗುತ್ತ ಕೂತಿದ್ದಾರೆ.

ಆಮೇಲೆ ಎಲ್ಲರೂ ನನ್ನ ಈ ಊನಕ್ಕೆ ಹೊಂದಿಕೊಂಡರು. ನಾನು ಹಾಲಿಲ್ಲದ ಕಡುಂಕಾಪಿ ಕುಡಿದುಕೊಂಡು, ಸೇಲಂನ ಒಂದು ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತ ಹೇಳಿಕೊಂಡು ನೆಮ್ಮದಿಯಾಗಿದ್ದೆ. ಗರ್ಭಿಣಿಯಾದೆ ನೋಡಿ, ಆ ನೆಮ್ಮದಿ ಮುಗಿಯಿತು.

ನಮ್ಮ ಅತ್ತೆ ಸುಂದರಾಂಬ ಮಾತು ಕಡಿಮೆಯ ಹೆಂಗಸು. ಮೂರನೇ ತಿಂಗಳಿಂದ ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಕೇಸರಿ (ನಮ್ಮ ಮನೆಯ ಮಾತಿನಲ್ಲಿ ಕುಂಕುಮಪ್ಪೂ) ಹಾಕಿದ ಹಾಲು ಹಿಡಿದು ನನ್ನ ಮುಂದೆ ನಿಲ್ಲತೊಡಗಿದರು.

“ಮೂಗು ಮುಚ್ಕೊಂಡು ಕುಡಿ, ನನ್ ಕಣ್ಣೇ. ನಿಂಗಲ್ಲ, ಮಗೂಗೆ.”

“ಅತ್ತೆ, ನಂಗೆ ಆಗಲ್ವಲ್ಲ.”

“ಮಗೂಗೆ ಆಯ್ತದೆ. ಕುಡಿ.”

ಗದರಿದ್ದರೆ ನಾನೂ ಗದರಿಬಿಡುತ್ತಿದ್ದೆನೇನೋ. ಅವರು ಸೆರಗಿನಲ್ಲಿ ಬಿಸಿ ಲೋಟ ಹಿಡಿದು, ದೇವರ ಮುಂದೆ ನಿಂತವರ ಹಾಗೆ ಕಾಯುತ್ತಿದ್ದರು. ಅದಕ್ಕೆ ನಾನು, “ಆರಲಿ ಅತ್ತೆ, ಕೋಣೆಗೆ ತಗೊಂಡು ಹೋಗಿ ಕುಡೀತೀನಿ” ಎನ್ನುತ್ತಿದ್ದೆ. ಕೋಣೆಯಲ್ಲಿ ಕುಮಾರ್ ಇರುತ್ತಿದ್ದರು. ಒಂದೇ ಗುಟುಕು. ಖಾಲಿ ಲೋಟ ನೋಡಿದಾಗ ಅತ್ತೆಯ ಮುಖ ಬೆಳಗುತ್ತಿತ್ತು. ಐದನೇ ತಿಂಗಳ ಹೊತ್ತಿಗೆ ನನಗಿಂತ ಮೊದಲು ಕುಮಾರ್‌ಗೆ ಹೊಟ್ಟೆ ಕಾಣಿಸಿಕೊಂಡಿತು. ಅಂಗಿಯ ಗುಂಡಿಗಳು ಬಿಗಿದವು, ಕೆನ್ನೆಗೆ ಕಳೆ ಬಂತು. ಕೇಸರಿಯ ಗುಣವೂ ಇರಬಹುದು.

ಒಂದು ಭಾನುವಾರ ಬೆಳಿಗ್ಗೆ ಅವರು ಪೇಪರು ತರಲು ಹೊರಗೆ ಬಂದಾಗ ಮಾವ ಜಗಲಿಯಲ್ಲಿ ಕೂತಿದ್ದರು.

“ಲೇ ಕುಮಾರಾ, ಮೀಸೆ ಮೇಲೆ ಏನ್ಲಾ ಅದು?”

“ಏನಿಲ್ಲಪ್ಪಾ.”

“ಬಾ ಇಲ್ಲಿ. ಕುಂಕುಮಪ್ಪೂ ಎಸಳು ಥರಾ ಐತೆ.” ಮಾವ ಕನ್ನಡಕ ಸರಿಮಾಡಿಕೊಂಡು ಮಗನ ಮೂತಿ, ಆಮೇಲೆ ಹೊಟ್ಟೆ ನೋಡಿದರು. “ನಿಂಗೀಗ ಎಷ್ಟನೇ ತಿಂಗ್ಳು?”

ಅಲ್ಲಿಗೆ ನಮ್ಮ ಗುಟ್ಟು ರಟ್ಟಾಯಿತು. ಅತ್ತೆ ಲೋಟವನ್ನು ತೊಳೆದು ಬೋರಲು ಹಾಕಿ ಒಳಗೆ ಹೋದರು. ಎರಡು ದಿನ ಮಾತಾಡಲಿಲ್ಲ. ಮಾವ ಮಾತ್ರ ಇದನ್ನು ತಮ್ಮ ವೃತ್ತಿಯ ಸವಾಲಾಗಿ ತೆಗೆದುಕೊಂಡರು. ದೋಷ ಹಾಲಿನಲ್ಲಿರಲು ಸಾಧ್ಯವಿಲ್ಲ, ಬೆರೆತ ನೀರಿನಲ್ಲಿದೆ ಎಂಬುದು ಅವರ ತೀರ್ಮಾನ. ದೇವರ ಪಕ್ಕದಿಂದ ಲ್ಯಾಕ್ಟೋಮೀಟರು ಇಳಿಯಿತು. ಆಕಳ ಹಾಲು, ಎಮ್ಮೆ ಹಾಲು, ಕೊನೆಗೆ ಯಾರದೋ ಹಿತ್ತಿಲಿನ ಮೇಕೆ ಹಾಲು, ಎಲ್ಲವೂ ಪರೀಕ್ಷೆಯಲ್ಲಿ ಪಾಸಾದವು. ನಾನು ಎಲ್ಲದರಲ್ಲೂ ಫೇಲಾದೆ.

“ಎನ್ನಮ್ಮಾ ಇದು?” ಎಂದು ಮಾವ ನಿಜವಾದ ದುಃಖದಿಂದ ಕೇಳಿದರು. “ಹಾಲೇ ಜೀರ್ಣ ಆಗಲ್ಲ ಅಂದ್ರೆ ಇನ್ನೇನು ಜೀರ್ಣ ಆಯ್ತದೆ ನಿಂಗೆ?”

ಇದೆಲ್ಲ ತಮಾಷೆಯಾಗಿಯೇ ಉಳಿಯುತ್ತಿತ್ತು. ಆದರೆ ಆರನೇ ತಿಂಗಳಲ್ಲಿ ಒಂದು ದಿನ, ಕಪ್ಪು ಹಲಗೆಯ ಮೇಲೆ ತ್ರಿಕೋನ ಬರೆಯುತ್ತಿದ್ದಾಗ ನನ್ನ ಎಡಗಾಲಿನ ಮೀನಖಂಡ ಕಲ್ಲಿನ ಹಾಗೆ ಹಿಡಿದುಕೊಂಡಿತು. ನಾನು ಹಲಗೆ ಹಿಡಿದು ಒಂಟಿಕಾಲಲ್ಲಿ ಕುಣಿದೆ. ಮಕ್ಕಳು ಇದೂ ಪಾಠದ ಭಾಗವಿರಬೇಕೆಂದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದವು. ನನ್ನ ಕಣ್ಣಲ್ಲಿ ನೀರು ಕಂಡಮೇಲೆ ಮುಂದಿನ ಬೆಂಚಿನ ಹುಡುಗಿಯರು ಓಡಿಬಂದು ಕುರ್ಚಿ ಎಳೆದರು. ಇನ್ನೊಂದು ಮಾತು ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ: ಆ ದಿನಗಳಲ್ಲಿ ಚಾಕ್‌ಪೀಸು ಕಂಡರೆ ನನ್ನ ಬಾಯಲ್ಲಿ ನೀರೂರುತ್ತಿತ್ತು. ಮೇಜಿನ ಮೇಲಿದ್ದ ತುಂಡುಗಳಲ್ಲಿ ಎರಡಕ್ಕೆ ಹಲ್ಲಿನ ಗುರುತಿತ್ತು. ಕುರ್ಚಿ ಎಳೆದುಕೊಟ್ಟ ಹುಡುಗಿ ಅವನ್ನು ನೋಡಿದಳು, ನನ್ನನ್ನು ನೋಡಿದಳು, ಮೆಲ್ಲಗೆ ಡಬ್ಬಕ್ಕೆ ಮುಚ್ಚಳ ಹಾಕಿದಳು.

ಮರುದಿನ ಅತ್ತೆ, ಮಾವ, ಕುಮಾರ್ ಮೂವರೂ ಡಾಕ್ಟರಮ್ಮನ ಬಳಿಗೆ ನನ್ನ ಜೊತೆ ಬಂದರು. ರಕ್ತದ ರಿಪೋರ್ಟು ನೋಡಿ ಡಾಕ್ಟರಮ್ಮ ತಮಿಳಿನಲ್ಲಿ, “ಸುಣ್ಣಾಂಬು ಸತ್ತು ಕಮ್ಮಿಯಾ ಇರುಕ್ಕು” ಎಂದರು. ಸುಣ್ಣಾಂಬು ಸತ್ತು ಎಂದರೆ ಅವರ ಮಾತಿನಲ್ಲಿ ಸುಣ್ಣದ ಸತ್ವ, ಅದೇ ನಮ್ಮ ಕ್ಯಾಲ್ಸಿಯಂ.

“ಹಾಲೇ ಕುಡಿಯಲ್ಲ ಡಾಕ್ಟರ್” ಎಂದು ಮಾವ ದೂರು ಕೊಟ್ಟರು.

“ಆಗದಿದ್ದರೆ ಬಿಡಿ. ಕೆಲವರ ಮೈಗೆ ಒಗ್ಗುವುದಿಲ್ಲ, ಅವರ ತಪ್ಪಲ್ಲ ಅದು. ಹಾಲಿಲ್ಲದೆ ಎಷ್ಟು ಜನ ಹೆತ್ತಿಲ್ಲ!” ಎಂದು ಡಾಕ್ಟರಮ್ಮ ಬೆರಳು ಮಡಚಿ ಎಣಿಸಿದರು: ರಾಗಿ, ಎಳ್ಳು, ನುಗ್ಗೆ ಸೊಪ್ಪು, ಅಗಸೆ ಸೊಪ್ಪು, ಹುರುಳಿ, ಮುಳ್ಳೂ ಸೇರಿಸಿ ಅಗಿಯಬಹುದಾದ ಚಿಕ್ಕ ಮೀನು, ಜೊತೆಗೆ ಬೆಳಗಿನ ಬಿಸಿಲು. ಮಾವ ಆಸೆಯಿಂದ, “ಪಾಲಕ್?” ಎಂದರು. ಹೆಸರಲ್ಲಾದರೂ ಪಾಲ್, ಅಂದರೆ ತಮಿಳಿನ ಹಾಲು, ಇದೆಯಲ್ಲ ಎಂಬ ಸಮಾಧಾನ ಅವರಿಗೆ. ಪಾಲಕ್ಕಿನಲ್ಲಿರುವುದು ಮೈಗೆ ಹತ್ತುವುದು ಕಡಿಮೆ, ಅದೊಂದನ್ನೇ ನಂಬಬೇಡಿ ಎಂದು ಡಾಕ್ಟರಮ್ಮ ಆ ಆಸೆಯನ್ನೂ ಮುರಿದರು.

ಆಮೇಲೆ ನನ್ನ ಕಡೆ ತಿರುಗಿದರು. “ಕೊಟ್ಟ ಮಾತ್ರೆ ಹೇಗೆ ತಗೋತೀರಿ?”

ನಾನು ಹೆಮ್ಮೆಯಿಂದ ಹೇಳಿದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಒಂದು ಲೋಟ ಕಡುಂಕಾಪಿಯಲ್ಲಿ ನುಂಗಿಬಿಡುತ್ತೇನೆ, ಸಮಯ ಉಳಿಯುತ್ತದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಎರಡೂ ಒಟ್ಟಿಗೆ ಹೋದರೆ ಒಂದು ಇನ್ನೊಂದನ್ನು ಮೈಗೆ ಹತ್ತಗೊಡುವುದಿಲ್ಲವಂತೆ, ಕಾಫಿಯೂ ಅಡ್ಡಿ ಮಾಡುತ್ತದಂತೆ. ಒಂದು ಬೆಳಿಗ್ಗೆಯಾದರೆ ಇನ್ನೊಂದು ಸಂಜೆ, ಕಾಫಿ ದೂರ. ಗಣಿತದ ಮೇಷ್ಟ್ರಮ್ಮ ತಿಂಗಳುಗಟ್ಟಲೆ ಎರಡು ಮಾತ್ರೆ ಕೂಡಿಸಿ ಕೂಡಿಸಿ ಪಡೆದ ಉತ್ತರ ಸೊನ್ನೆಯ ಹತ್ತಿರವೇ ಇತ್ತು. ಚಾಕ್‌ಪೀಸಿನ ವಿಷಯವನ್ನೂ ಬಾಯಿಬಿಟ್ಟೆ. ಅದು ಆಹಾರವಲ್ಲ, ಇನ್ನೊಮ್ಮೆ ಹಾಗನ್ನಿಸಿದರೆ ಬಂದು ಹೇಳಿ ಎಂದರು. ನನ್ನ ಗಂಡ ನಗು ತಡೆಯಲು ಗೋಡೆಯ ಮೇಲಿನ ಮಗುವಿನ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

ರಾಗಿ ಎಂದಕೂಡಲೇ ಎಲ್ಲರಿಗೂ ನೆನಪಾದವಳು ನನ್ನ ಅಜ್ಜಿ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಪೆನ್ನಾಗರಂ ಆಚೆ ಕಾಡಂಚಿನ ಊರಲ್ಲಿ ರಾಗಿ ಬೆಳೆದುಕೊಂಡು, ಮೇಕೆ ಮೇಯಿಸಿಕೊಂಡಿದ್ದಾಳೆ. ಅವಳ ರಾಗಿ ಮುದ್ದೆಯಲ್ಲೇ ನಾನು ಬೆಳೆದದ್ದು. ಆದರೆ ಧರ್ಮಪುರಿಯ ಹಾಸ್ಟೆಲ್ಲಿಗೆ ಸೇರಿದಾಗ, ಅವಳು ಕಟ್ಟಿಕೊಟ್ಟ ಮುದ್ದೆ ನೋಡಿ ಜೊತೆಯ ಹುಡುಗಿಯರು ನನಗೆ ‘ಕಳಿ’ ಎಂದೇ ಹೆಸರಿಟ್ಟರು. ಮುದ್ದೆಗೆ ತಮಿಳಿನಲ್ಲಿ ಕಳಿ ಎನ್ನುತ್ತಾರೆ. ಅಂದೇ ನಾನು ರಾಗಿ ಬಿಟ್ಟೆ. ಪೇಟೆಯವಳಾದ ಮೇಲಂತೂ ರಾಗಿಯ ನೆಂಟಸ್ತನವನ್ನೇ ಮರೆಮಾಚಿದ್ದೆ. ಕನ್ನಡ ಅಕ್ಷರದ ಬಗ್ಗೆ ಅಷ್ಟು ಜಂಬಪಡುವವಳು ಅಜ್ಜಿಯ ಮುದ್ದೆಗೆ ನಾಚುತ್ತಿದ್ದೆ.

ಆಸ್ಪತ್ರೆಯ ಬಾಗಿಲಲ್ಲೇ ಕುಮಾರ್ ಅಜ್ಜಿಗೆ ಫೋನು ಹಚ್ಚಿದರು. ಅವಳ ಊರಲ್ಲಿ ಸಿಗ್ನಲ್ಲು ಬಂದರೆ ಬಂತು. “ಅಜ್ಜೀ, ಸುಣ್ಣಾಂಬು ಸತ್ತು ಇಲ್ವಂತೆ, ಅದ್ಕೆ ನೀವು…” ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಮತ್ತೆ ಸಿಗಲಿಲ್ಲ. ನಾಳೆ ನೋಡೋಣವೆಂದು ಮನೆಗೆ ಬಂದೆವು.

ಮರುದಿನ ಹತ್ತು ಗಂಟೆಗೆ ಬೀದಿಯಲ್ಲಿ ಅಳು ಕೇಳಿಸಿತು. “ಅಯ್ಯೋ ನಮ್ಮವ್ವಾ, ಆಲಿನಂತಾ ಮನ್ಸಿನೋಳೇ, ನನ್ ಮೊಮ್ಮಗ್ಳ ಬಾಣಂತನ ನೋಡ್ದೇನೇ ಓಗ್ಬಿಟ್ಯಲ್ಲೇ…” ಅಜ್ಜಿಯ ದನಿ! ಅವಳ ನಾಲಿಗೆಗೆ ಹಕಾರ ಬರುವುದಿಲ್ಲ. ಬಾಗಿಲು ತೆರೆದವರು ಅತ್ತೆ. ಅಜ್ಜಿ ಅವರನ್ನು ಕಂಡದ್ದೇ ಅಳು ಅರ್ಧಕ್ಕೇ ನಿಂತಿತು. ಬಾಯಿ ತೆರೆದೇ ಇತ್ತು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಿಂದ ಇಣುಕುವ ಸೇವಂತಿಗೆಯ ದೊಡ್ಡ ಹಾರ.

“ಬನ್ನಿ ಅಮ್ಮಾ, ಯಾಕೆ ಅಳ್ತಿದ್ದೀರಿ?” ಎಂದರು ಅತ್ತೆ. “ಯಾರಿಗೆ ಈ ಮಾಲೆ?”

“ದೇವ್ರಿಗೆ ಕಣವ್ವಾ” ಎಂದಳು ಅಜ್ಜಿ ಕಣ್ಣೊರೆಸಿಕೊಂಡು. “ನೀವು ಚೆಂದಾಗಿದ್ದೀರಲ್ಲ, ಅದಕ್ಕೆ ಅರಕೆ.”

ಊಟಕ್ಕೆ ಕೂತಾಗ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಮಾವ ಅಜ್ಜಿಗೆ ವರದಿ ಮಾಡಿದರು. ಕೊನೆಯಲ್ಲಿ, “ಏನೇ ಆದ್ರೂ ಹಾಲಿಗೆ ಸಮ ಯಾವುದೂ ಇಲ್ಲ ಬಿಡಿ” ಎಂದು ಸೇರಿಸಿದರು.

ಅಜ್ಜಿ ತುತ್ತು ಕೆಳಗಿಟ್ಟಳು. “ಸಾಮಿ, ನೀವು ಆಲು ಓದಿರೋರು. ಒಂದು ಕೇಳ್ತೀನಿ. ಅಸೂಗೆ ಮೂಳೆ ಐತಾ?”

“ಐತೆ. ನಮಗಿಂತ ಗಟ್ಟಿ.”

“ಆಲು ಎಲ್ಲಿಂದ ಬತ್ತದೆ?”

“ಹಸೂನಿಂದ.”

“ಅಸ ಆಲು ಕುಡೀತದಾ?”

ಮಾವ ಸಾರಿನ ಪಾತ್ರೆಯನ್ನು ಹತ್ತಿರ ಎಳೆದುಕೊಂಡರು.

“ಉಲ್ಲು ತಿಂತದೆ ಸಾಮಿ, ಉಲ್ಲು! ಸೊಪ್ಪು ತಿಂತದೆ, ಬಿಸ್ಲಲ್ಲಿ ಓಡಾಡ್ತದೆ. ನನ್ ಮೊಮ್ಮಗ್ಳೂ ಅಂಗೇ ಮಾಡ್ಲಿ ಬಿಡಿ.”

ಅಷ್ಟು ವರ್ಷದ ಸರ್ವಿಸಿನಲ್ಲಿ ಮಾವನವರಿಗೆ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಅವರು ಸಾರು ಬಡಿಸಿಕೊಂಡು ತಿಂದರು. ನನ್ನನ್ನು ಹಸುವಿಗೆ ಹೋಲಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿದ್ದೆ.

ಗೆದ್ದ ಖುಷಿಯಲ್ಲಿ ಅಜ್ಜಿ ಹಾರದ ಗುಟ್ಟನ್ನೂ ಬಿಟ್ಟುಕೊಟ್ಟಳು. “ನಿಜ ಏಳ್ತೀನಿ ಬೇಜಾರ್ ಮಾಡ್ಕೋಬೇಡವ್ವಾ. ಈ ಅಳಿಮಯ್ಯ ಪೋನಲ್ಲಿ ಸುಂದ್ರಾಂಬ ಸತ್ತು ಅಂದ್ರು, ಕಟ್ಟಾಗೋಯ್ತು. ನೀವೇ ಓಗ್ಬಿಟ್ರಿ ಅಂತ ಬಸ್‌ಸ್ಟಾಂಡಲ್ಲಿ ಮಾಲೆ ತಗೊಂಡು ಅತ್ಕೊಂಡು ಬಂದೆ.”

ಅತ್ತೆ ನಕ್ಕರು. ಆ ಮನೆಗೆ ಬಂದು ಎರಡು ವರ್ಷದ ಮೇಲಾಗಿತ್ತು, ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮೈ ಕುಲುಕಿ, ಕಣ್ಣಲ್ಲಿ ನೀರು ಬಂದು, ಗೋಡೆಗೆ ಒರಗಿ ನಕ್ಕರು. ನಗುವಷ್ಟು ಹೊತ್ತೂ ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದರು.

“ಯಾಕವ್ವಾ ಬಾಯಿ ಮುಚ್ಕೊಂತೀಯಾ?” ಎಂದಳು ಅಜ್ಜಿ. “ನಗು ಬಿದ್ದೋಯ್ತದಾ?”

“ಹಲ್ಲಿಲ್ಲಮ್ಮಾ ನಂಗೆ. ಮುಂದ್ಗಡೆ ನಾಲ್ಕು ಇಲ್ಲ. ಒಳ್ಗಡೆ ಕೇಳ್ಬೇಡಿ.”

“ನಿಂಗಿಂತ ದೊಡ್ಡೋಳು ನಾನು, ಇನ್ನೂ ಕಬ್ಬು ಕಡೀತೀನಿ. ಯಾವಾಗ ಓದ್ವು?”

“ಕುಮಾರನ್ನ ಹೊತ್ತಿದ್ದಾಗ ಒಂದು ಅಳ್ಳಾಡ್ತು. ಇವನ ತಂಗೀಗೆ ಇನ್ನೆರಡು. ಹಂಗೇ ಒಂದೊಂದಾಗಿ.”

“ಆಲಿನ ಮನೇಲಿ ಇದ್ಕೊಂಡಾ?”

ಅತ್ತೆ ಎಲೆಯ ಅಂಚಿನ ಅನ್ನವನ್ನು ಬೆರಳಿನಿಂದ ಕೂಡಿಸುತ್ತ ಹೇಳಿದರು. “ಎರಡು ಎಮ್ಮೆ ಇತ್ತು ಆಗ. ಕರೆದದ್ದೆಲ್ಲ ಸೊಸೈಟಿಗೆ ಹೋಗ್ತಿತ್ತು. ಮಿಕ್ಕಿದ್ದು ಗಂಡಸ್ರ ಕಾಪಿಗೆ. ಪಾತ್ರೆ ತೊಳೆದ ನೀರು ಮಾತ್ರ ನನ್ ಕೈಗೆ ಸಿಕ್ತಿತ್ತು, ಅದನ್ನ ಎಮ್ಮೆಗೇ ಇಡ್ತಿದ್ದೆ.” ನನ್ನ ಕಡೆ ನೋಡಿದರು. “ಈ ಹುಡ್ಗಿಗಾದ್ರೂ ಹಂಗಾಗ್ಬಾರ್ದು ಅಂತ ಲೋಟ ಹಿಡ್ಕೊಂಡು ನಿಂತ್ಕೋತಿದ್ದೆ. ಇವಳ್ಗೆ ನೋಡಿದ್ರೆ ಸೇರಲ್ಲ.”

ಆ ಲೋಟಗಳನ್ನು ಗಂಡನಿಗೆ ದಾಟಿಸಿ, ಖಾಲಿ ಮಾಡಿ ತೋರಿಸುತ್ತಿದ್ದೆನಲ್ಲ, ಅದು ನೆನಪಾಗಿ ನನಗೆ ತಲೆ ಎತ್ತಲಾಗಲಿಲ್ಲ. ಮಾವ ಅತ್ತೆಯ ಕಡೆಗೆ ತಿರುಗಿ, “ನೀನು ಒಂದು ಮಾತು ಹೇಳ್ಬೋದಿತ್ತಲ್ಲ” ಎಂದರು.

“ನೀವು ದಿನಾ ಬಂದು ಎಮ್ಮೆ ಹೆಂಗೈತೆ ಅಂತ ಕೇಳ್ತಿದ್ರಿ” ಎಂದರು ಅತ್ತೆ. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ. “ನಾನು ಎಮ್ಮೆ ಚೆನ್ನಾಗೈತೆ ಅಂತ ಹೇಳ್ತಿದ್ದೆ.”

ಮಾವ ಎದ್ದು ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸಂಜೆ ಐದಕ್ಕೆ ಬಂದಾಗ ಎರಡೂ ಕೈಯಲ್ಲಿ ಚೀಲ: ರಾಗಿ ಹಿಟ್ಟು, ಎಳ್ಳು, ಬೆಲ್ಲ, ಒಂದು ಹೊರೆಯಷ್ಟು ನುಗ್ಗೆ ಸೊಪ್ಪು. ಕ್ಯಾಲೆಂಡರಿನ ಹಿಂದಿನ ತಿಂಗಳನ್ನು ಹರಿದು ಪಟ್ಟಿ ಬರೆಯಲು ಕೂತರು. ಮೇಲೆ ಬರೆದದ್ದು ‘ಇಬ್ಬರಿಗೆ’ ಎಂದು. ಆ ಇಬ್ಬರು ನಾನು ಮತ್ತು ಮಗು ಎಂದೇ ನಾನು ತಿಳಿದಿದ್ದೆ. ಮುಂದಿನ ವಾರ ಡಾಕ್ಟರಮ್ಮನ ಬಳಿಗೆ ಹೋದಾಗ ಮಾವ ಅತ್ತೆಯನ್ನು ಮುಂದೆ ಕೂರಿಸಿ, “ಇವಳ್ನೂ ನೋಡಿ, ಬೆನ್ನು ಬಾಗ್ತಾ ಐತೆ” ಎಂದಾಗ ಅರ್ಥವಾಯಿತು.

ಎಳ್ಳುಂಡೆಗೆ ಮಾತ್ರ ಅತ್ತೆ ಅಡ್ಡ ನಿಂತರು. ಬಸುರಿಗೆ ಎಳ್ಳು ಸೂಡು, ಅಂದರೆ ಉಷ್ಣ, ಗರ್ಭಕ್ಕೆ ಆಗದು ಎಂದು ಹಟ. ಮಾವ ಅಡುಗೆಮನೆಯಿಂದಲೇ ಡಾಕ್ಟರಮ್ಮನಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ದಿನಕ್ಕೊಂದು ಉಂಡೆಯಿಂದ ಏನೂ ಆಗದು ಎಂಬ ತೀರ್ಪನ್ನು ಬೀದಿಗೇ ಕೇಳಿಸಿದರು. ಅಂದಿನಿಂದ ಅವರು ನಮ್ಮಿಬ್ಬರ ಹಿಂದೆ ಬಿದ್ದರು. ಕಬ್ಬಿಣದ ಮಾತ್ರೆ ಕೊಟ್ಟು ಗಡಿಯಾರ ನೋಡುತ್ತಿದ್ದರು. ಕಾಪಿ ಲೋಟ ಮುಟ್ಟಿದರೆ ಕೆಮ್ಮುತ್ತಿದ್ದರು. ಬೆಳಗಿನ ಬಿಸಿಲಲ್ಲಿ ಅತ್ತೆಸೊಸೆಯನ್ನು ತಾರಸಿಯ ಮೇಲೆ ಹಪ್ಪಳದ ಹಾಗೆ ಹರವಿ ಕೂರಿಸುತ್ತಿದ್ದರು. ಮೀನಿನ ದಿನ ತಟ್ಟೆ ಪರೀಕ್ಷೆ. ಮುಳ್ಳು ಮಿಕ್ಕಿದ್ದರೆ, “ಸತ್ತೆಲ್ಲ ಅದ್ರಲ್ಲೇ ಐತೆ ಕಣಮ್ಮಾ” ಎಂಬ ಅಳಲು. ಒಂಬತ್ತನೇ ತಿಂಗಳಿಗೆ ನನ್ನ ಕಾಲಿನ ಸೆಳೆತ ಎಷ್ಟೋ ಕಡಿಮೆಯಾಗಿತ್ತು. ಮುದ್ದೆಯನ್ನು ಬೆರಳಲ್ಲಿ ಹೇಗೆ ಮುರಿಯಬೇಕೆಂಬುದನ್ನು ನನ್ನ ಕೈ ಮರೆತಿರಲಿಲ್ಲ.

ಮಗಳು ಹುಟ್ಟಿದಳು, ಕೈಕಾಲು ಗಟ್ಟಿಯಾಗಿ, ಗಂಟಲು ಇನ್ನೂ ಗಟ್ಟಿಯಾಗಿ. ಆಸ್ಪತ್ರೆಯಲ್ಲಿ ನರ್ಸು, “ಬಾಣಂತಿಗೆ ಹಾಲು ತನ್ನಿ” ಎಂದಾಗ ಮಾವ ಆಕೆಯನ್ನು ಕಾಲು ಗಂಟೆ ನಿಲ್ಲಿಸಿಕೊಂಡು, ಹಸು ಹುಲ್ಲು ತಿನ್ನುವ ವಿಷಯದಿಂದ ಶುರುಮಾಡಿ ಎಲ್ಲವನ್ನೂ ವಿವರಿಸಿದರು. ಆಕೆ ಆಮೇಲೆ ನಮ್ಮ ಕೋಣೆಗೆ ಬರುವಾಗ ಮೊದಲು ಇಣುಕಿ ನೋಡಿ ಬರುತ್ತಿದ್ದಳು.

ಮನೆಗೆ ಬಂದ ದಿನ ಬಾಣಂತನಕ್ಕೆ ಬಂದಿದ್ದ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಇವತ್ತು ನಾವು ಮೂರು ಎಂಗುಸ್ರು ಕುಂತ್ಕೊಂತೀವಿ. ಇಟ್ಟು ನೀವು ತಿರುವಿ ಸಾಮಿ” ಎಂದಳು. ಮಾವ ಪಂಚೆ ಎತ್ತಿ ಕಟ್ಟಿ, ಪಾತ್ರೆಯನ್ನು ಎರಡು ಪಾದದ ನಡುವೆ ಬಟ್ಟೆಯಿಂದ ಒತ್ತಿ ಹಿಡಿದು, ಕೋಲಿನಲ್ಲಿ ಮುದ್ದೆ ತಿರುವಿದರು. ಮಗನಿಗೂ ಮುಟ್ಟಗೊಡಲಿಲ್ಲ. ಬೆವರು ಮೂಗಿನ ತುದಿಗೆ ಇಳಿದಿತ್ತು. ಉಂಡೆ ಕಟ್ಟಿ ಮೊದಲನೆಯದನ್ನು ಅತ್ತೆಯ ತಟ್ಟೆಗೆ ಇಟ್ಟರು. ಎಲ್ಲರದೂ ಆದಮೇಲೆ ಉಣ್ಣುವುದು ಅತ್ತೆಯ ಪದ್ಧತಿ. ಅವರು ತಬ್ಬಿಬ್ಬಾಗಿ ನಮ್ಮನ್ನೆಲ್ಲ ನೋಡಿದರು.

“ತಿನ್ನು” ಎಂದರು ಮಾವ.

ಅತ್ತೆ ಒಂದು ತುತ್ತು ಮುರಿದು, ನುಗ್ಗೆ ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗಿದರು. ಇನ್ನೊಂದು ತುತ್ತು ಮುರಿದರೆ ಒಳಗಿಂದ ಒಣ ಹಿಟ್ಟು ಪುಸ್ಸೆಂದು ಉದುರಿತು.

“ಗಂಟಾಗೈತೆ” ಎಂದರು.

“ನಾಳೆ ಸರಿ ಮಾಡ್ತೀನಿ” ಎಂದರು ಮಾವ. ಮಗ್ಗಿ ತಪ್ಪಿದ ನನ್ನ ಎಂಟನೇ ತರಗತಿಯ ಮಕ್ಕಳ ಮುಖವೇ ಅವರಿಗೂ ಬಂದಿತ್ತು.

ಅತ್ತೆ ಗಂಟನ್ನು ಬೆರಳಲ್ಲಿ ಒತ್ತಿ ಸರಿಮಾಡಿಕೊಂಡು, ಅವಸರವಿಲ್ಲದೆ, ಯಾರ ತಟ್ಟೆಯ ಕಡೆಗೂ ನೋಡದೆ ಅಷ್ಟನ್ನೂ ಉಂಡರು. ನಾವು ಕಾದೆವು. ತಟ್ಟೆ ಖಾಲಿಯಾದ ಮೇಲೆ ಸೆರಗು ಮುಟ್ಟದೆ ಗಂಡನ ಕಡೆಗೆ ನೋಡಿ ನಕ್ಕು, ತಟ್ಟೆಯನ್ನು ಮುಂದೆ ಸರಿಸಿದರು.

“ಇನ್ನೊಂದು ಇಕ್ಕಿ.”